ಅಣ್ಣನ ಮೇಲೆ ಗೆದ್ದ ಅಪೀಲು

ಕಾನೂನಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಪಣಕಹಳ್ಳಿಯಲ್ಲಿ ಯಾರೂ ಇಲ್ಲವೆಂಬುದು ಎಪ್ಪತ್ತರ ದಶಕದಲ್ಲಿ ನನಗೆ ಖಚಿತವಾಗಿತ್ತು. ಬೇರೆ ಯಾರಿಗೂ ಆಗಿರಲಿಲ್ಲ, ಆ ಮಾತು ಬೇರೆ.

ವ್ಯಾಜ್ಯ ಇಷ್ಟೇ. ಅಪ್ಪ ತೀರಿಕೊಂಡ ಮೇಲೆ ಊರ ಹಿರಿಯರು ಹೊಲವನ್ನು ನನಗೂ ಅಣ್ಣ ಮಾದಪ್ಪನಿಗೂ ಬಾಯಿಮಾತಿನಲ್ಲೇ ಪಾಲು ಮಾಡಿ, ನಡುವೆ ಕಳ್ಳಿ ಬೇಲಿ ನೆಡಿಸಿದ್ದರು. ಆ ಕಳ್ಳಿ ವರ್ಷ ವರ್ಷವೂ ಹಬ್ಬಿ ನನ್ನ ಕಡೆಗೆ ಹನ್ನೊಂದು ಅಡಿ ನಡೆದು ಬಂದಿದೆ ಎಂದು ಒಂದು ದಿನ ನಾನು ಕಂಡುಹಿಡಿದೆ!

ಅಣ್ಣ ನಕ್ಕುಬಿಟ್ಟ. "ಕಳ್ಳಿಗೆ ಕಾಲು ಬಂದದೇನ್ಲಾ? ಬೇಕಾದ್ರೆ ನೀನೇ ಉತ್ಕೊ. ಯಾರ್ ಬ್ಯಾಡ ಅಂದರು?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದಾನವಾಗಿ ಬಂದ ಭೂಮಿಗೆ ಏನು ಗೌರವ? ನನಗೆ ತೀರ್ಪು ಬೇಕಿತ್ತು! ದಾವಾ ಹಾಕಿದೆ. ನೋಟೀಸು ಕೈಗೆ ಬಂದ ಮೇಲೆ ಅಣ್ಣನಿಗೂ ರೋಷ ಹತ್ತಿತು. ಕೆಳಗಿನ ಕೋರ್ಟಿನಲ್ಲಿ ನಾನು ಸೋತೆ. ಅಪೀಲು ಹಾಕಿದೆ.

ಆ ಹನ್ನೊಂದಡಿಯ ತುದಿಯಲ್ಲಿ ಅಪ್ಪನ ಸಮಾಧಿ ಇತ್ತು. ನಮ್ಮವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತೇವೆ. ನಮ್ಮ ಮನೆಯಲ್ಲಿ ಅಪ್ಪನ ಬಲಕ್ಕೆ ಹಿರಿಯ ಮಗನ ಜಾಗ. ಇಷ್ಟು ದೊಡ್ಡ ಕಾನೂನು ಪಂಡಿತನಿಗೆ ಅದೊಂದು ನೆನಪಿಗೆ ಬರಲಿಲ್ಲ.

ನಮ್ಮೂರು ತಮಿಳುನಾಡಿಗೆ ಸೇರಿದ್ದು, ಕೋರ್ಟು ಇದ್ದದ್ದು ಘಾಟಿಯ ಕೆಳಗೆ. ವಾಯಿದೆಯ ದಿನ ಇಳಿಯಲು ನಮಗಿಬ್ಬರಿಗೂ ಇದ್ದದ್ದು ಒಂದೇ ಬಸ್ಸು. ಅತ್ತಿಗೆ ನಾಗಮ್ಮಣಿ ಇಬ್ಬರಿಗೂ ಸೇರಿಸಿಯೇ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಕೊಡುತ್ತಿದ್ದಳು. ಘಾಟಿಯ ನೆತ್ತಿಯ ದಿಂಬಂನಲ್ಲಿ ಬಸ್ಸು ನಿಂತಾಗ ವಾದಿಯೂ ಪ್ರತಿವಾದಿಯೂ ಒಂದೇ ಗಂಟು ಬಿಚ್ಚಿ ತಿಂದು, ಟೀ ಕುಡಿದು, ಕೋರ್ಟಿನ ಬಾಗಿಲಲ್ಲಿ ಮುಖ ತಿರುಗಿಸಿಕೊಂಡು ಶತ್ರುಗಳಾಗುತ್ತಿದ್ದೆವು. ಹೀಗೆ ಆರು ವರ್ಷ!

ದಾವಾ ಬರೆಸುವಾಗಲೇ ನಮ್ಮ ವಕೀಲರು ತಮಿಳಿನಲ್ಲಿ ಕೇಳಿದ್ದರು, "ಹಕ್ಕು ಮಾತ್ರ ಸಾಕೋ, ತಡೆಯಾಜ್ಞೆಯೂ ಬೇಕೋ?"

ಹೋಟೆಲಿನಲ್ಲಿ ಊಟ ಹೇಳುವವನ ಹಾಗೆ ನಾನು, "ಏನೇನಿದೆಯೋ ಎಲ್ಲಾ ಹಾಕಿ ಸಾರ್!" ಎಂದೆ.

ಎಂಬತ್ತರ ದಶಕ ಬಂದ ಮೇಲೆ ತೀರ್ಪು ಬಂತು. ಗೆದ್ದೆ! ಹನ್ನೊಂದು ಅಡಿ ನನ್ನದು. ಮಾದಪ್ಪನಾಗಲಿ, ಅವನ ವಾರಸುದಾರರಾಗಲಿ, ಅವನ ಆಳುಗಳಾಗಲಿ ಅದರಲ್ಲಿ ಎಂದೆಂದಿಗೂ ಕಾಲಿಡಕೂಡದು. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು!

ಸಂಜೆಯ ಬಸ್ಸಿನಲ್ಲಿ ಘಾಟಿಯ ಅರ್ಧದಷ್ಟು ತಿರುವು ಹತ್ತುವಷ್ಟರಲ್ಲಿ ನನಗೆ ವಾಂತಿ ಶುರುವಾಯಿತು. ಚಿಕ್ಕಂದಿನಿಂದಲೂ ಹಾಗೆಯೇ. ಅಣ್ಣ ಎದ್ದು ಬಂದು, ಕಿಟಕಿ ಪಕ್ಕ ಕೂರಿಸಿ, ನನ್ನ ಹಣೆ ಹಿಡಿದುಕೊಂಡ.

"ತಲೆ ಒಳಕ್ ಎಳ್ಕೊಳ್ಲಾ. ಗೆದ್ದ ದಿನ್ವೇ ಸಾಯ್ಬ್ಯಾಡ."

ವಿಜಯಯಾತ್ರೆ ಅಂದರೆ ಹಾಗಿರಬೇಕು.

ಮರುವಾರವೇ ಕಳ್ಳಿ ಕಡಿಸಿ, ಗೆದ್ದ ಗೆರೆಯುದ್ದಕ್ಕೂ ಮುಳ್ಳುತಂತಿ ಎಳೆಸಿದೆ. ನನ್ನ ಹೆಂಡತಿ ಗೌರಮ್ಮ ನೋಡಿ ದಂಗಾಗಿ ನಿಂತಳು.

"ಮಾವನ ಸಮಾದಿಗೂ ತಂತಿ ಸುತ್ಬುಟ್ರಲ್ಲ! ಬಾವೋರು ಎತ್ತಗಿಂದ ಬರ್ಬೇಕು?"

"ನಾನು ಬಿಟ್ಟರೆ ಬರ್ತಾನೆ," ಎಂದೆ. ಎಂಥಾ ಔದಾರ್ಯ!

ಹಿರಿಯರ ಪೂಜೆಯ ದಿನ ಅಣ್ಣ ಬಂದ. ವಿಭೂತಿ, ಬಿಲ್ವಪತ್ರೆ ಹಿಡಿದು ತಂತಿಯ ಆಚೆಗೇ ನಿಂತ. ಮೊದಲ ಪತ್ರೆ ಇಡುವುದು ಹಿರಿಯ ಮಗ. ನಾನು ಕರೆದೆ.

"ಕೋರ್ಟು ಬ್ಯಾಡ ಅಂದದೆ. ನೀನೇ ಮಡುಗ್ಬುಡು," ಎಂದು ತಂತಿಯ ಮೇಲಿಂದ ಪತ್ರೆ ಚಾಚಿದ.

"ನಾನೇ ಕರೀತಾ ಇವ್ನಲ್ಲ, ಬಾರಣ್ಣ."

"ಕೋರ್ಟ್ಗಿಂತ ನೀ ದೊಡ್ಡೋನೇನ್ಲಾ?"

ಅಣಕವೂ ಇರಲಿಲ್ಲ, ಕೋಪವೂ ಇರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಅವನು ಅಲ್ಲಿಂದಲೇ ಅಪ್ಪನಿಗೆ ಕೈಮುಗಿದು ಹೊರಟುಹೋದ.

ಮಾರನೆಯ ದಿನ ಬೆಳಗಿನ ಬಸ್ಸಿಗೇ ಇಳಿದು ವಕೀಲರ ಮುಂದೆ ನಿಂತೆ. "ಸಾರ್, ಈ ತೀರ್ಪಿನ ಮೇಲೆ ಅಪೀಲು ಹಾಕಬೇಕು."

"ಯಾರು?"

"ನಾನೇ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕೇಳಿದ್ದೆಲ್ಲಾ ಸಿಕ್ಕಿದೆಯಲ್ಲಯ್ಯಾ? ಗೆದ್ದವನಿಗೆ ಅಪೀಲು ಇಲ್ಲ. ಅಣ್ಣನನ್ನು ಒಳಗೆ ಬಿಡು, ಯಾರೂ ಕೇಳುವುದಿಲ್ಲ."

"ನಾನು ಬಿಟ್ಟರೂ ಅವನು ಬರುವುದಿಲ್ಲ ಸಾರ್. ಬರಲೇಬೇಕು ಅಂತ ಒಂದು ಆರ್ಡರ್ ಸಿಗುತ್ತದೆಯೇ?"

ಗುಮಾಸ್ತರು ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡು ಹೊರಗೆ ಹೋದರು. ನಾನು ಬರಿಗೈಯಲ್ಲಿ ಘಾಟಿ ಹತ್ತಿದೆ. ಆ ದಿನವೂ ವಾಂತಿಯಾಯಿತು. ಹಣೆ ಹಿಡಿಯುವವರು ಇರಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಅಣ್ಣ ಎದೆನೋವೆಂದು ಕೂತವನು ಮೇಲೇಳಲಿಲ್ಲ. ನಾನು ಓಡಿಹೋಗಿ ಅಪ್ಪನ ಬಲಕ್ಕೆ ಗುಣಿ ತೋಡಿಸಲು ಹಾರೆ, ಗುದ್ದಲಿ ಹೊಂದಿಸಿದೆ. ಅತ್ತಿಗೆ ಆಳು ಕಳಿಸಿ ಬೇಡವೆಂದಳು. ಅಣ್ಣ ಮೊದಲೇ ಹೇಳಿಟ್ಟಿದ್ದನಂತೆ, "ಸತ್ ಮ್ಯಾಲೂ ಅಲ್ಲಿ ಕಾಲಿಡ್ಬಾರ್ದು. ನನ್ನ ಒಲದಲ್ಲೇ ಕೂರ್ಸಿ."

ಗುಣಿ ತೋಡಿದ್ದು ಅವನ ಹೊಲದಲ್ಲಿ, ನನ್ನ ತಂತಿಯಿಂದ ನಾಲ್ಕೇ ಹೆಜ್ಜೆ ಆಚೆಗೆ. ಊರೆಲ್ಲಾ ಅಲ್ಲಿತ್ತು. ನಾನೊಬ್ಬ ಈಚೆಗಿದ್ದೆ. ಆಚೆ ಹೋಗಲು ಯಾವ ಮುಖ? ಆದರೂ ಅವನನ್ನು ಗುಣಿಗೆ ಇಳಿಸುವಾಗ ತಡೆಯಲಾಗದೆ ತಂತಿ ದಾಟಲು ಹೋದೆ. ಪಂಚೆ ಸಿಕ್ಕಿಕೊಂಡಿತು. ಎಳೆದರೆ ಇನ್ನೊಂದು ಮುಳ್ಳಿಗೆ ಸಿಕ್ಕಿತು. ಒಂದು ಕಾಲು ಆಚೆ, ಒಂದು ಕಾಲು ಈಚೆ, ನಾನೇ ಹಾಕಿಸಿದ ಬೇಲಿಯ ಮೇಲೆ ನೇತಾಡಿದೆ!

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅತ್ತಿಗೆ ಅಳುತ್ತಲೇ ಎದ್ದು ಬಂದು, ಪಂಚೆಯಿಂದ ಒಂದೊಂದೇ ಮುಳ್ಳು ಬಿಡಿಸಿದಳು.

"ಬಾಪ್ಪ ಈಚೆಗೆ. ನಮ್ ಒಲಕ್ಕೆ ನೀ ಬರ್ಬಾರ್ದು ಅಂತ ನಾವ್ಯಾವ ಆಡ್ರೂ ತಂದಿಲ್ಲ."

ಹರಿದ ಪಂಚೆಯಲ್ಲೇ ಹೋಗಿ ಅಣ್ಣನಿಗೆ ಮೂರು ಹಿಡಿ ಮಣ್ಣು ಹಾಕಿದೆ. ಅಪೀಲು ಗೆದ್ದ ಗಂಡಸು! ಅರ್ಧ ಮಣ್ಣು ನನ್ನ ಕಾಲ ಮೇಲೇ ಬಿತ್ತು.