ಒಲಿ ಬಾಜೂದ ಕುರ್ಚಿ

ಧಾರವಾಡದ ಕಾಲೇಜಿನ್ಯಾಗ ಇಪ್ಪತ್ತು ವರ್ಷ ಭೌತಶಾಸ್ತ್ರ ಕಲಿಸಿದಾಂವ ನಾನು. ಸುಳ್ಳು ಬಿಡ್ರಿ. ಆ ಕಾಲೇಜಿನ ಕಂಪೌಂಡಿಗೆ ಸೈಕಲ್ ಆನಿಸಿ ನಿಲ್ಲಿಸೇನಿ, ಅಷ್ಟ. ನನ್ನ ಖರೇ ಕೆಲಸ ಅಮರಗೋಳ ಮಾರ್ಕೆಟ್ಟಿನ್ಯಾಗ ತೂಕದ ಕಾಟಾ ರಿಪೇರಿ. ಆದ್ರ ಅಲ್ಲಿ ಚಾದಂಗಡಿಯೊಳಗ ಕುಂತ್ರ ನನ್ನ ಕೈ ಸುಮ್ಮನಿರೂದಿಲ್ಲ, ಏನರೆ ಒಂದು ಪ್ರಯೋಗ ಆಗೇ ಆಗತೈತಿ. ಒಲಿ ಬಾಜೂಕ ಒಂದು ಕಟ್ಟಿಗಿ ಕುರ್ಚಿ ಐತಿ. ಅದು ನಂದು ಅಂತ ನಾ ತಿಳ್ಕೊಂಡೇನಿ. ಅಂಗಡಿ ಚಾಚಾ ಹಂಗ ತಿಳ್ಕೊಂಡಿರಲಿಲ್ಲ.

೧. ಗಾಳಿ ಎಲ್ಲಿ ಹೋತು?

ಒಂದಿನ ಗ್ಲಾಸಿನ ತುಂಬ ನೀರು ತುಂಬಿ, ಬಾಯಿಗೆ ಒಂದು ಲಗ್ನಪತ್ರಿಕಿ ಮುಚ್ಚಿ, ಬೋರಲು ಹಿಡದೆ. ಒಂದು ಹನಿ ಬೀಳಲಿಲ್ಲ. ಗ್ಲಾಸಿನ ಕೆಳಗ ಕುಂತಿದ್ದ ಕಾಳಿನ ಸಾವಕಾರ್ರು, ಗರಿಗರಿ ಇಸ್ತ್ರಿ ಧೋತರದಾಗ, ತಲಿ ಎತ್ತಿ ನೋಡಿದ್ರು.

“ನೀರು ಯಾರು ಹಿಡದಾರ್ರೀ?”

“ಗಾಳಿರಿ ಸಾವಕಾರ್ರ. ಕೆಳಗಿಂದ ಒತ್ತತೈತಿ.”

“ಅಂದಮ್ಯಾಲೆ ಪತ್ರಿಕಿ ಯಾಕ ಬೇಕು?” ಅಂದವರ ಎಳದ ಬಿಟ್ರು.

ಧೋತರ ಹಿಂಡ್ಕೋತ ಕೇಳಿದ್ರು, “ಎಲ್ಲಿ ಹೋತ್ರೀ ನಿಮ್ಮ ಗಾಳಿ?”

“ಪತ್ರಿಕಿ ನೀವು ಇಸ್ಕೊಂಡ್ರಿ, ಲಗ್ನಕ್ಕ ಗಾಳಿ ಹೋತು.”

೨. ಸಾವಕಾಶ ಎಳೀರಿ

ಟೇಬಲ್ ಮ್ಯಾಲೆ ಪೇಪರ್ ಹಾಸಿ, ಅದರ ಮ್ಯಾಲೆ ನಾಕೈದು ಖಾಲಿ ಗ್ಲಾಸ್ ಇಟ್ಟು, ಪೇಪರ್ ಝಟ್ಟನ ಎಳದೆ. ಗ್ಲಾಸ್ ಕುಂತಲ್ಲೇ ಕುಂತ್ವು. ಸಾವಕಾರ್ರಿಗೂ ಹುರುಪು ಬಂತು. ಆದ್ರ ಅವರು ವ್ಯಾಪಾರದ ಮಂದಿ, ಅವಸರ ಮಾಡೂದಿಲ್ಲ. ಭಾಳ ಸಾವಕಾಶ, ಭಾಳ ಕಾಳಜೀಲೆ ಎಳದ್ರು. ಗ್ಲಾಸೂ ಅಷ್ಟ ಸಾವಕಾಶ ಪೇಪರಿನ ಬೆನ್ನ ಹತ್ತಿ ಬಂದು ಒಂದೊಂದ ನೆಲಕ್ಕ ಬಿದ್ವು.

ಚಾಚಾ ನನ್ನ ಕಡೆ ತಿರುಗಿದ್ರು. “ಇನ್ನೊಂದು ಗ್ಲಾಸ್ ಒಡದ್ರ ಆ ಕುರ್ಚಿ ನಿಮಗ ಬಂದ್!”

“ಒಡದವರು ಸಾವಕಾರ್ರು, ಚಾಚಾ!”

“ಕಲಿಸಿದ ಮಾಸ್ತರ ಯಾರು?”

ನನ್ನ ಜೀವನದಾಗ ಯಾರರೆ ನನಗ ಮಾಸ್ತರ ಅಂದದ್ದು ಅದೊಂದ ಸಲ.

೩. ತಿರುಗೋ ಚಾ

ಚಾ ಒಯ್ಯೋ ತಂತಿ ಸ್ಟ್ಯಾಂಡಿನ್ಯಾಗ ತುಂಬಿದ ಗ್ಲಾಸ್ ಇಟ್ಟು, ತಲಿ ಮ್ಯಾಲಿಂದ ಗರಗರ ತಿರುಗಿಸಿದೆ. ಒಂದು ಹನಿ ಚೆಲ್ಲಲಿಲ್ಲ, ಬಲ್ಬಿಗೆ ಬಡಿಯೂತನಕ. ಗ್ಲಾಸ್ ಒಡದ ಸಪ್ಪಳಕ್ಕ ಚಾಚಾ ತಿರುಗಿ ನೋಡೂದ್ರಾಗ ನಾ ಕುರ್ಚ್ಯಾಗ ಕುಂತು ಪೇಪರ್ ಓದಾಕತ್ತಿದ್ದೆ. ತಲಿಯಿಂದ ಚಾ ಇಳ್ಯಾಕತ್ತಿತ್ತು.

೪. ಒಂದು ಬೆರಳು

“ಏಳ್ರಿ! ಕುರ್ಚಿ ಬಿಡ್ರಿ!” ಅಂದ್ರು ಚಾಚಾ.

“ಏಳತೇನಿ. ನಿಮ್ಮ ಒಂದು ಬೆರಳು ನನ್ನ ಹಣಿ ಮ್ಯಾಲೆ ಒತ್ತಿ ಇಡ್ರಿ. ಅದನ್ನ ತಗೀದಂಗ ನನ್ನ ಎಬ್ಬಿಸಿದ್ರ ಮತ್ತ ಈ ಕಡೆ ಬರೂದಿಲ್ಲ. ಆಗಲಿಲ್ಲಂದ್ರ ಕುರ್ಚಿ ನಂದು.”

ಚಾಚಾ ಬೆರಳು ಒತ್ತಿದ್ರು. ತಲಿ ಮುಂದ ಬಾಗದ ಯಾವ ಮನಷ್ಯಾನೂ ಕುರ್ಚಿ ಬಿಟ್ಟು ಏಳಾಕ ಬರೂದಿಲ್ಲ. ಮೈಭಾರ ಎಲ್ಲಾ ಹಿಂದ ಕುಂತಿರತೈತಿ. ನಾ ಮುಕ್ಕಿರದೆ, ತಿಣುಕಿದೆ. ಏಳಲಿಲ್ಲ.

“ಏಳ್ರಿ!”

“ನೀವ ಹಿಡದೀರೆಲ್ಲ, ಹೆಂಗ ಏಳ್ಲಿ?”

ಸಾವಕಾರ್ರು ಹೊಟ್ಟಿ ಹಿಡ್ಕೊಂಡು ನಕ್ಕರು. ಅಷ್ಟರಾಗ ಒಲಿ ಮ್ಯಾಲಿನ ಹಾಲು ಏರಾಕ ಹತ್ತಿತು.

“ಚಾಚಾ, ಹಾಲು!”

“ಬೆರಳು ತಗದ್ರ ನಾ ಸೋತಂಗ!”

“ತಗೀಲಿಲ್ಲಂದ್ರ ಹಾಲು ಹೋದಂಗ!”

ಚಾಚಾ ನನ್ನ ನೋಡಿದ್ರು, ಹಾಲಿನ ಪಾತೇಲಿ ನೋಡಿದ್ರು, “ಕುಂಡ್ರಿ ಅತ್ತ, ನಿಮ್ದ ಕುರ್ಚಿ!” ಅಂತ ಒಲಿಗೆ ಹಾರಿದ್ರು.

ನಂಬಿಕಿ ಇಲ್ಲೇನ್ರಿ? ಇಡ್ರಿ ನಿಮ್ಮ ಬೆರಳು ನನ್ನ ಹಣಿ ಮ್ಯಾಲೆ. ಹಾಂ, ಒತ್ರಿ. ನೋಡ್ರಿ, ಏಳಾಕ ಬರವಲ್ದು. ಚಾದ ರೊಕ್ಕ ಕೊಡಾಕ ಗಲ್ಲಾದ ತನಕ ಹೋಗೂದಂತೂ ದೂರ ಉಳೀತು. ನಿಮ್ಮ ಇನ್ನೊಂದು ಕೈ ಖಾಲಿ ಐತೆಲ್ಲ, ನನ್ನ ಚಾದ್ದೂ ಕೊಟ್ಟಬಿಡ್ರಿ.