ಚುಟ್ಟಾ ಪೆಟ್ಟಿಗೆಗೆ ನೀರು ಹಾಕುವ ಕೆಲಸ

ಫ್ರಿಜ್ ರಿಪೇರಿಯವನ ಬದುಕಿನಲ್ಲಿ ಏನು ಮಹಾ ನಡೆಯುತ್ತೆ ಅಂತ ಜನ ಕೇಳುತ್ತಾರೆ. ನನಗಂತೂ ತಿಂಗಳಿಗೊಂದು ಸಲ ಜೀವ ಬಾಯಿಗೆ ಬಂದು ಹೋಗುತ್ತೆ. ಅದರಲ್ಲೂ ಆ ಚುಟ್ಟಾ ಪೆಟ್ಟಿಗೆ ನನ್ನ ಕೈಗೆ ಬಂದ ಮೇಲೆ ಹೆಚ್ಚಾಗಿದೆ.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಕೆಲವು ವರ್ಷಗಳ ಹಿಂದೆ ಅಜ್ಜಂಪುರದಿಂದ ಒಬ್ಬರು ಬಂದರು. ಹಡಗಿನಲ್ಲಿ ಇಂಜಿನಿಯರಾಗಿದ್ದು, ಸಮುದ್ರವೆಲ್ಲ ಸುತ್ತಿ, ರಿಟೈರಾಗಿ ಊರು ಸೇರಿದವರು. ಊರಿನವರು ಅವರನ್ನು ಹಡಗಿನ ಸಾಹೇಬ್ರು ಅನ್ನುತ್ತಾರೆ. ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಪೆಟ್ಟಿಗೆ. ಹಾರ್ಮೋನಿಯಂಗಿಂತ ಸ್ವಲ್ಪ ಚಿಕ್ಕದು, ಮುಖ ಕಾಣುವಷ್ಟು ಪಾಲಿಶ್. ಮುಚ್ಚಳ ತೆಗೆದರೆ ಒಳಗೆ ಎರಡು ಸಾಲು ಸಿಗಾರು. ನಮ್ಮ ಕಡೆ ಮುದುಕರು ಸೇದುವ ಚುಟ್ಟಾಕ್ಕೆ ದೊಡ್ಡಪ್ಪನಂತಿದ್ದವು.

"ಇವು ಒಣಗಿದ್ರೆ ಪುಡಿಯಾಗ್ತವೆ, ತೇವ ಜಾಸ್ತಿಯಾದ್ರೆ ಬೂಷ್ಟು ಹಿಡೀತವೆ. ಈ ಮೀಟರಲ್ಲಿ ತೇವ ಎಪ್ಪತ್ತರ ಹತ್ರ ನಿಲ್ಬೇಕು," ಅಂದರು. ಮುಚ್ಚಳದ ಒಳಗಡೆ ಒಂದು ಚಪ್ಪಟೆ ಡಬ್ಬಿ ತೋರಿಸಿದರು. "ಇದ್ರೊಳಗಿನ ಸ್ಪಂಜು ನೀರು ಕುಡಿದು ನಿಧಾನಕ್ಕೆ ತೇವ ಬಿಡ್ಬೇಕು. ಈಗ ಬಿಡ್ತಾ ಇಲ್ಲ."

"ಸಾರ್, ನಾನು ಇಷ್ಟು ವರ್ಷ ಪೆಟ್ಟಿಗೆಯಿಂದ ನೀರು ತೆಗೆಯೋ ಕೆಲಸ ಮಾಡಿದೋನು."

"ಅದನ್ನೇ ಉಲ್ಟಾ ಮಾಡು." ಆಮೇಲೆ ಅಂಗಡಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇನ್ನೊಂದು. ನಮ್ಮವ್ವನಿಗೆ ಗೊತ್ತಾಗ್ಬಾರ್ದು."

ಸಾಹೇಬರಿಗೆ ಅರವತ್ತು ದಾಟಿತ್ತು. ಅವ್ವನಿಗೆ ಎಂಬತ್ನಾಲ್ಕು. ಹಣೆ ತುಂಬ ವಿಭೂತಿ, ಮಠ ಅಂದರೆ ಪ್ರಾಣ. ಮನೆಯೊಳಗೆ ನಶ್ಯದ ಡಬ್ಬಿಯನ್ನೂ ತರಗೊಡದ ಹೆಂಗಸು. ಬಿರುಗಾಳಿಯಲ್ಲಿ ಹಡಗು ನಡೆಸಿದ ಮನುಷ್ಯ ಆಕೆಯ ಕೋಲಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದರು.

ಎಡಗಡೆ ಕ್ಯಾನು, ಬಲಗಡೆ ಕ್ಯಾನು

ಬೋರ್‌ವೆಲ್ ನೀರು ಹಾಕಿ ಹಾಕಿ ಸ್ಪಂಜು ಸುಣ್ಣದ ಗಡ್ಡೆಯಾಗಿತ್ತು. ಉಪ್ಪಿನಂಶ ಇಲ್ಲದ ನೀರು ಬೇಕು, ಅಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರು. ಪಕ್ಕದ ಬ್ಯಾಟರಿ ಅಂಗಡಿಯವನಿಂದ ಒಂದು ಕ್ಯಾನು ಎತ್ತಿಕೊಂಡೆ. ಪೆಟ್ಟಿಗೆಯನ್ನು ಸಾಹೇಬರು ಮನೆಗೆ ವಾಪಸ್ ಒಯ್ದಿದ್ದರು. ಅಜ್ಜಂಪುರಕ್ಕೆ ಹೋಗಿ, ಹೊಸ ಸ್ಪಂಜು ಕತ್ತರಿಸಿ ಕೂರಿಸಿ, ಸಿರಿಂಜಿನಲ್ಲಿ ನೀರು ತುಂಬಿ, ಬಂದು ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಬ್ಯಾಟರಿಯವನ ಫೋನು ಬಂತು.

"ಅಣ್ಣಾ, ನೀನು ತಗೊಂಡ್ಹೋಗಿದ್ದು ಎಡಗಡೆ ಕ್ಯಾನೋ, ಬಲಗಡೆ ಕ್ಯಾನೋ?"

"ನೆನಪಿಲ್ಲ ಕಣೋ. ಯಾಕೆ?"

"ಒಂದ್ರಲ್ಲಿ ಆಸಿಡ್ ಇತ್ತು ಕಣಣ್ಣ."

ಕಾಫಿ ಅಲ್ಲೇ ಬಿಟ್ಟೆ. ಸಾಹೇಬರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಹಳೇ ಬೈಕನ್ನು ಅದರ ಜನ್ಮದಲ್ಲಿ ಓಡದ ವೇಗಕ್ಕೆ ಓಡಿಸಿದೆ. ಅಜ್ಜಂಪುರ ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲು ಅವತ್ತು ಡಬ್ಬಿಗಳನ್ನು ಎಣಿಸಿಕೊಂಡು ಹೋಗುವವರ ಹಾಗೆ ಹೋಯಿತು. ಆಸಿಡ್ ಹಬೆಯಲ್ಲಿ ನೆನೆದ ಚುಟ್ಟಾವನ್ನು ಆ ಮನುಷ್ಯ ಬಾಯಿಗಿಟ್ಟು ಎಳೆದರೆ ಏನಾಗುತ್ತೆ? ಪೊಲೀಸ್ ಸ್ಟೇಷನ್ನಿನಲ್ಲಿ ಕೈಕಟ್ಟಿ ನಿಂತು ಏನು ಹೇಳಬೇಕು ಅನ್ನುವವರೆಗೆ ಯೋಚಿಸಿ ಮುಗಿಸಿದ್ದೆ, ಗೇಟು ಇನ್ನೂ ಎದ್ದಿರಲಿಲ್ಲ.

ಮನೆ ಜಗಲಿಯಲ್ಲಿ ಅವ್ವ ಕೂತಿದ್ದರು. "ಯಾಕಪ್ಪಾ ಹಿಂಗೆ ಏದುಸಿರು ಬಿಡ್ತಾ ಬಂದೆ?"

"ಫ್ರಿಜ್ಜಲ್ಲಿ ಸ್ಪ್ಯಾನರ್ ಬಿಟ್ಬಿಟ್ಟಿದ್ದೆ ಅವ್ವಾ," ಅಂದು ಒಳಗೆ ಓಡಿದೆ.

ಹಿಂದಿನ ರೂಮಿನಲ್ಲಿ ಸಾಹೇಬರು ಕಿಟಕಿ ತೆರೆದು, ಕಣ್ಣು ಮುಚ್ಚಿ, ಸಿಗಾರು ಬಾಯಿಗಿಟ್ಟು ಬೆಂಕಿಕಡ್ಡಿ ಗೀರುವುದರಲ್ಲಿದ್ದರು. ನಾನು ಹಾರಿ ಕಿತ್ತುಕೊಂಡೆ. ವಿಷಯ ಕೇಳಿ ಅವರೂ ಬೆಳ್ಳಗಾದರು. ಆದರೂ ಇಂಜಿನಿಯರಲ್ಲವೇ, "ಸ್ಪಂಜು ಹಿಂಡಿ ಈ ಕಡಪ ಕಲ್ಲಿನ ಮೇಲೆ ಬಿಡು. ಆಸಿಡ್ ಆದ್ರೆ ನೊರೆ ಬರುತ್ತೆ," ಅಂದರು. ಜೇಬಿನಲ್ಲೇ ಇದ್ದ ಸ್ಪ್ಯಾನರಿನಿಂದ ಸ್ಪಂಜು ಒತ್ತಿದೆ. ಇಬ್ಬರೂ ನೆಲದ ಮೇಲೆ ಬೋರಲು ಬಿದ್ದು ಆ ನಾಲ್ಕು ಹನಿಗಳನ್ನು ನೋಡಿದೆವು. ನೊರೆ ಬರಲಿಲ್ಲ. ಗುಳ್ಳೆಯೂ ಬರಲಿಲ್ಲ.

ಖುಷಿಗೆ ಕಣ್ಣಲ್ಲಿ ನೀರು ಬಂತು. ಬ್ಯಾಟರಿಯವನಿಗೆ ಫೋನು ಮಾಡಿ, "ನೀರು ಕಣೋ, ಬರೀ ನೀರು!" ಅಂದೆ.

ಆ ಕಡೆ ಕ್ಯಾನು ಎಳೆದಾಡಿದ ಸದ್ದು. ಆಮೇಲೆ ಕೇಳಿದ, "ಹಂಗಾದ್ರೆ ಅಣ್ಣಾ, ಬೆಳಿಗ್ಗೆ ನಿನ್ನ ಬೈಕ್ ಬ್ಯಾಟರಿಗೆ ನಾನು ತುಂಬಿದ್ದೇನು?"

ಕೀಂ ಕೀಂ

ಬೇಸಿಗೆಯಲ್ಲಿ ತೇವ ಬೇಗ ಇಳಿಯುತ್ತದೆ, ಸಾಹೇಬರಿಗೆ ನೋಡಲು ಮರೆತು ಹೋಗುತ್ತದೆ. ಅದಕ್ಕೆ ನಾನೇ ತಲೆ ಓಡಿಸಿ, ಪೆಟ್ಟಿಗೆಯೊಳಗೆ ಒಂದು ಸೆನ್ಸರು, ಒಂದು ಪುಟ್ಟ ಅಲಾರಂ ಕೂರಿಸಿದೆ. ತೇವ ಅರವತ್ತೈದಕ್ಕಿಂತ ಕೆಳಗಿಳಿದರೆ ಕೀಂ ಅನ್ನಬೇಕು. ಸಾಹೇಬರು ಬೆನ್ನು ತಟ್ಟಿದರು.

ಎರಡು ವಾರ ಕಳೆದು ಒಂದು ಸೋಮವಾರ ಬೆಳಿಗ್ಗೆ ಅವ್ವನೇ ಫೋನು ಮಾಡಿಸಿದರು. "ಮನೇಲಿ ಏನೋ ಕಿರುಗುಟ್ತಾ ಐತೆ. ಪೂಜೇಲಿ ಮನಸ್ಸು ನಿಲ್ತಿಲ್ಲ. ಬಂದು ನೋಡಪ್ಪ."

ಹೋದರೆ, ಸಾಹೇಬರು ನಡುಮನೆಯಲ್ಲಿ ಬೆವರುತ್ತಾ ನಿಂತಿದ್ದರು. "ನನ್ನ ಮೊಬೈಲು ಅಂತ ಹೇಳಿದೆ," ಅಂತ ನನ್ನ ಕಿವಿಯಲ್ಲಿ ಉಸುರಿದರು. "ಮೊಬೈಲು ಅವ್ವನ ಕೈಲೇ ಇತ್ತು."

ಕೀಂ, ಅಂದಿತು ಬೀರು.

ಪೆಟ್ಟಿಗೆ ಅಡಗಿಸಿಟ್ಟ ಬೀರುವಿನ ಕೀಲಿ ಸಾಹೇಬರ ಸೊಂಟದಲ್ಲಿ. ಆದರೆ ಅವ್ವ ಕೋಲೂರಿಕೊಂಡು ಅದರ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ನಾನು ಏನು ಮಾಡಲಿ? ಮೊದಲು ಫ್ರಿಜ್ ಬಿಚ್ಚಿದೆ. ಚೆನ್ನಾಗಿ ನಡೆಯುತ್ತಿದ್ದ ಫ್ರಿಜ್ಜು. ಕೀಂ. ಯುಪಿಎಸ್ ಬಿಚ್ಚಿದೆ. ಕೀಂ. ಮಿಕ್ಸಿ ಬಿಚ್ಚಿ ಅದರ ಹೊಟ್ಟೆಯನ್ನೆಲ್ಲ ಪೇಪರಿನ ಮೇಲೆ ಹರಡಿದೆ. ಅವ್ವ ಪ್ರತಿಯೊಂದನ್ನೂ ನೋಡುತ್ತಿದ್ದರು. ನೀರಿನ ಫಿಲ್ಟರಿಗೂ ಕೈ ಹಾಕಿದೆ. ಸಾಹೇಬರು ಗೋಡೆ ಗಡಿಯಾರವನ್ನೂ ಇಳಿಸಿ ತಂದು, "ಇದೂ ನೋಡು," ಅಂದರು.

ಒಂದೂವರೆ ಗಂಟೆಯಾಯಿತು. ನಡುಮನೆ ಗುಜರಿ ಅಂಗಡಿಯಂತಾಗಿತ್ತು. ಕೊನೆಗೆ ಅವ್ವ ಮೇಲೆದ್ದರು.

"ನಾನು ಒಳಗೆ ಹೋಗಿ ಪೂಜೆ ಮುಗಿಸ್ತೀನಿ. ಅಷ್ಟರಲ್ಲಿ ಇದನ್ನೆಲ್ಲ ಸೇರಿಸಿಡು," ಅಂದು, ಕೋಲಿನಿಂದ ಬೀರುವಿನ ಬಾಗಿಲು ತಟ್ಟಿದರು. "ಎಂಬತ್ನಾಲ್ಕು ವರ್ಷದೋಳು ನಾನು, ಸದ್ದು ಇದ್ರೊಳಗಿಂದ ಬರೋದು ನಂಗೇ ಕೇಳುತ್ತೆ. ಕಿವಿ ರಿಪೇರಿ ಮಾಡೋರು ನಿಮ್ಮ ತರೀಕೆರೇಲಿ ಯಾರಾದ್ರೂ ಇದ್ದಾರೇನಪ್ಪಾ?"

ಅವರು ಪೂಜೆಗೆ ಕೂತ ಕೂಡಲೇ ಬೀರು ತೆಗೆದು ಅಲಾರಮ್ಮಿನ ಸೆಲ್ ಕಿತ್ತೆವು. ಏನಿತ್ತು ಅಂತ ಆಮೇಲೆ ಅವ್ವ ಕೇಳಿದಾಗ, ಹಡಗಿನ ಕಾಲದ ಹಳೇ ಗಡಿಯಾರ ಅಂದರು ಸಾಹೇಬರು. ಮಿಕ್ಸಿ ಮಾತ್ರ ಆವತ್ತಿನಿಂದ ಉಲ್ಟಾ ತಿರುಗುತ್ತಿದೆ.

ಮೆತ್ತಗಾದ ಹಪ್ಪಳ

ಇಂಥ ಕೆಲಸ ಬಲ್ಲವನು ತರೀಕೆರೆಯಲ್ಲಿದ್ದಾನೆ ಅನ್ನುವ ಸುದ್ದಿ ಕಡೂರಿಗೂ ಹೋಯಿತು. ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟ ಯಜಮಾನರೊಬ್ಬರು. ಅವರ ಭಾಮೈದ ದುಬೈಯಿಂದ ನಾಲ್ಕು ಡಬ್ಬಿ ಸಿಗಾರು ತಂದಿದ್ದ. ಯಜಮಾನರು ಸೇದುವವರಲ್ಲ, ಬಂದವರಿಗೆ ತೋರಿಸುವವರು. "ಪೆಟ್ಟಿಗೆ ಗಿಟ್ಟಿಗೆ ಬೇಡ, ಬೀರುವಿನಷ್ಟು ದೊಡ್ಡದು ಮಾಡಿಕೊಡು," ಅಂದರು.

ಜ್ಯೂಸ್ ಅಂಗಡಿಯ ಹಳೇ ಗಾಜಿನ ಫ್ರಿಜ್ ಹಿಡಿದು, ಕಂಪ್ರೆಸರ್ ಕಿತ್ತು, ನೀರನ್ನು ಮಂಜು ಮಾಡುವ ಒಂದು ಮಷೀನು, ಫ್ಯಾನು, ಒಳಗೆ ಲೈಟು ಹಾಕಿದೆ. ಮನೆಗೆ ಬಂದವರೆಲ್ಲ ನೋಡಿ ಬಾಯಿ ಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಬೇರೆ ಕೆಲಸಕ್ಕೆ ಅಂತ ಕಡೂರಿನಲ್ಲೇ ಇದ್ದೆ. ಯಜಮಾನರ ಫೋನು. "ಎಲ್ಲಿದ್ದೀಯಯ್ಯ? ಈ ಕ್ಷಣ ಬಾ. ಮಾನ ಹೋಗೋ ಹಂಗಿದೆ."

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಯಜಮಾನ್ತಿ ಹಿಂದಿನ ಸಂಜೆಯೇ ಎರಡು ಬುಟ್ಟಿ ಹಪ್ಪಳ ಸಂಡಿಗೆ ಕರಿದು, ಇರುವೆ ಮುಟ್ಟದಿರಲಿ ಅಂತ, ಮನೆಯಲ್ಲಿ ಗಾಜಿನ ಬೀರು ಇದೆಯಲ್ಲ, ಅದರಲ್ಲಿ ಇಟ್ಟಿದ್ದಾರೆ. ನಾನು ಹೋದಾಗ ಆಕೆ ಒಂದು ಹಪ್ಪಳ ಎತ್ತಿ ತೋರಿಸಿದರು. ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು.

"ಇನ್ನೊಂದ್ಸಲ ಕರೀರಮ್ಮ."

"ಹಸೀ ಹಪ್ಪಳ ಒಂದೂ ಉಳಿದಿಲ್ಲ ಕಣಪ್ಪ," ಅಂದು ಆಕೆ ಅತ್ತೇಬಿಟ್ಟರು. ಅಷ್ಟರಲ್ಲಿ ಭಾಮೈದ ಓಡಿ ಬಂದ. "ಬೀರೂರು ಬಿಟ್ಟರಂತೆ!"

ಬೀರೂರು ಬಿಟ್ಟರು ಅಂದರೆ ಕಡೂರಿಗೆ ಬಂದೇ ಬಂದರು ಅಂತ ಅರ್ಥ. ಮಂಜಿನ ಮಷೀನು ಕಿತ್ತು ಬಿಸಾಡಿದೆ. ಫ್ರಿಜ್ಜಿನ ಐಸು ಕರಗಿಸಲು ಇಟ್ಟುಕೊಂಡಿದ್ದ ಬಿಸಿಗಾಳಿ ಬ್ಲೋಯರನ್ನು ಬಾಗಿಲಿಗೆ ಹಿಡಿದೆ. ಯಜಮಾನರು ತಟ್ಟೆ ತಿರುಗಿಸುತ್ತಾ, ಯಜಮಾನ್ತಿ ದೇವರನ್ನು ಕರೆಯುತ್ತಾ ನಿಂತರು. ಹೊರಗೆ ಕಾರಿನ ಬಾಗಿಲು ಧಡ್ ಅಂತ ಹಾಕಿಕೊಂಡ ಸದ್ದಿಗೆ ಸರಿಯಾಗಿ ಮೊದಲನೇ ಹಪ್ಪಳ ಟಪ್ ಅಂತ ಮುರಿಯಿತು. ಗೆದ್ದೆವು ಅಂದುಕೊಂಡೆ. ಬಾಯಿಗೆ ಹಾಕಿ ನೋಡಿದರೆ ಅದು ಹಪ್ಪಳವಲ್ಲ, ಹೊಗೆಸೊಪ್ಪು. ಇಡೀ ಸಿಗಾರಿನ ವಾಸನೆ ಅದರೊಳಗೆ ಕೂತಿತ್ತು.

ಬೇರೆ ದಾರಿಯಿರಲಿಲ್ಲ, ಬಡಿಸಿದರು. ನಾನು ಅಡಿಗೆಮನೆ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗಂಡಿನ ಅಪ್ಪ ದಪ್ಪ ಮೀಸೆಯ ಮನುಷ್ಯ. ಹಪ್ಪಳ ಕಚ್ಚಿದವರು ಅಗಿಯುವುದನ್ನು ನಿಲ್ಲಿಸಿದರು. ಉಳಿದ ಚೂರನ್ನು ಮೂಗಿನ ಹತ್ತಿರ ತಂದರು. ಅವರನ್ನೇ ನೋಡುತ್ತಾ ಯಜಮಾನರು ಸಾರನ್ನು ಎಲೆಯ ಹೊರಗೆ ಬಡಿಸಿದರು.

ಗಂಡಿನ ಅಪ್ಪ ತಮ್ಮ ಹೆಂಡತಿ ಎಷ್ಟು ದೂರ ಕೂತಿದ್ದಾರೆ ಅಂತ ಒಮ್ಮೆ ನೋಡಿಕೊಂಡರು. ಆಮೇಲೆ ಯಜಮಾನರನ್ನು ಬಗ್ಗಿಸಿ ಕಿವಿಯಲ್ಲಿ ಅಂದರು, "ಡಾಕ್ಟ್ರು ಬಿಡಿಸಿ ನಾಲ್ಕು ವರ್ಷ ಆಗಿತ್ತು ಕಣ್ರೀ. ಇನ್ನೊಂದ್ನಾಲ್ಕು ಹಾಕಿ."

ಸಂಬಂಧ ಕುದುರಿತು.

ಅರಬ್ ದೇಶದ ಧೂಪ

ಸಾಹೇಬರ ಪೆಟ್ಟಿಗೆ ಈಗ ಬೀರುವಿನಲ್ಲಿಲ್ಲ, ಹಿತ್ತಲ ಕೊಟ್ಟಿಗೆಯ ಪಕ್ಕದ ರೂಮಿನಲ್ಲಿದೆ. ಅಲ್ಲಿಗೆ ಹೋದದ್ದು ಹೀಗೆ.

ಮಠದ ಸ್ವಾಮಿಗಳನ್ನು ಅವ್ವ ಪಾದಪೂಜೆಗೆ ಕರೆದಿದ್ದರು. ಮನೆ ತುಂಬ ಜನ ಓಡಾಡುತ್ತಾರೆ, ಬೆಳಿಗ್ಗೆಯೇ ಬಂದು ಪೆಟ್ಟಿಗೆಯನ್ನು ಮೂರು ದಿನ ನಿನ್ನ ಅಂಗಡಿಯಲ್ಲಿ ಇಟ್ಟುಕೋ ಅಂದಿದ್ದರು ಸಾಹೇಬರು. ಬೈಕು ಪಂಕ್ಚರಾಗಿ ನಾನು ತಡವಾಗಿ ಹೋದೆ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಪಾದಪೂಜೆ ಮುಗಿದಿತ್ತು. ಸ್ವಾಮಿಗಳು ಮಣೆಯ ಮೇಲೆ ಕೂತಿದ್ದರು. ಅವರ ಎದುರಿಗೆ ಹಣ್ಣಿನ ತಟ್ಟೆಗಳ ನಡುವೆ, ಹೂವಿಟ್ಟು ಸಿಂಗರಿಸಿದ ಚುಟ್ಟಾ ಪೆಟ್ಟಿಗೆ.

ಸಾಹೇಬರು ಜನರ ನಡುವೆ ನುಸುಳಿ ಬಂದು ಪಿಸುಗುಟ್ಟಿದರು. "ಬೆಳ್ಳಿ ತಟ್ಟೆಗೆ ಅಂತ ಅವ್ವ ಬೀರು ತೆಗೆಸಿದ್ರು. ಇದೇನು ಅಂದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅರಬ್ ದೇಶದ ಧೂಪದ ಕಡ್ಡಿ ಅಂದೆ."

"ಅಷ್ಟು ದಪ್ಪ ಇರೋದಕ್ಕೆ ಏನಂದ್ರು?"

"ಶ್ರೀಮಂತ ದೇಶ ಅವ್ವ ಅಂದೆ."

ಅಷ್ಟರಲ್ಲಿ ಅವ್ವ ಕೈಮುಗಿದು ನಿಂತರು. "ಬುದ್ಧೀ, ನನ್ನ ಮಗ ಹಡಗಿನಲ್ಲಿ ತಂದ ಧೂಪ. ಮಠಕ್ಕೆ ಅರ್ಪಿಸ್ತಾ ಇದ್ದೀನಿ. ಪರಿಮಳ ಹೆಂಗಿದೆ ಅಂತ ತಮ್ಮೆದುರಿಗೇ ಒಂದು ಹಚ್ಚಿಸ್ತೀನಿ." ಪೆಟ್ಟಿಗೆ ತೆರೆದು ಒಂದು ಸಿಗಾರನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಮಗನ ಕೈಗೆ ಕೊಟ್ಟರು. "ಹಚ್ಚಪ್ಪ."

ಸ್ವಾಮಿಗಳು ಪೆಟ್ಟಿಗೆಯೊಳಗೆ ಒಮ್ಮೆ ನೋಡಿದರು. ಸಾಹೇಬರ ಮುಖವನ್ನು ಒಮ್ಮೆ ನೋಡಿದರು.

ಸಾಹೇಬರು ಕಡ್ಡಿ ಗೀರಿ ಸಿಗಾರಿನ ತುದಿಗೆ ಹಿಡಿದರು. ತುದಿ ಕಪ್ಪಾಯಿತು, ಆರಿತು. ಇನ್ನೊಂದು ಕಡ್ಡಿ. ಮತ್ತೆ ಆರಿತು. ಅದು ಹಾಗೆ ಹೊತ್ತಿಕೊಳ್ಳುವ ವಸ್ತುವಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿ ಬಿಡುವ ಹಾಗಿಲ್ಲ.

"ಥಂಡಿ ಹಿಡಿದಿರ್ಬೇಕು," ಅಂದರು ಅವ್ವ. ಆಮೇಲೆ ನನ್ನನ್ನು ಕಂಡರು. "ಅಲ್ಲಿದ್ದಾನಲ್ಲ ರಿಪೇರಿಯೋನು! ಬಾರಪ್ಪ, ನೀನು ನೋಡು."

ಜನ ದಾರಿ ಬಿಟ್ಟರು. ನಾನು ಮಂಡಿಯೂರಿ ಕೂತು, ಮಂಗಳಾರತಿ ತಟ್ಟೆಯ ಕರ್ಪೂರದ ಮೇಲೆ ಸಿಗಾರು ಹಿಡಿದೆ. ಬೆರಳು ಸುಟ್ಟಿತು. ಊದಿದೆ, ಬೀಸಿದೆ. ಎಪ್ಪತ್ತರ ತೇವ ಕಾಯ್ದುಕೊಂಡು ಬಂದವನು ನಾನೇ, ಅದು ಯಾಕೆ ಹೊತ್ತಿಕೊಳ್ಳುತ್ತೆ? ಬೆವರು ಮೂಗಿನ ತುದಿಯಿಂದ ಕರ್ಪೂರದ ಮೇಲೇ ಬಿತ್ತು.

ಆಗ ಸ್ವಾಮಿಗಳು ಮೆಲ್ಲಗೆ ಅಂದರು, "ಹಾಗೆ ಹಿಡಿದ್ರೆ ಹತ್ತೋದಿಲ್ಲ ತಾಯೀ. ಆ ಧೂಪಾನ ಬಾಯಲ್ಲಿಟ್ಟು ಎಳೀಬೇಕು."

ಮುಗಿಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಅವ್ವ ಸ್ವಾಮಿಗಳ ಮಾತನ್ನು ಒಂದಕ್ಷರ ಬಿಡದೆ ನಡೆಸುವವರು. ಮಗನ ಕಡೆ ತಿರುಗಿದರು. "ಕೇಳಿಸ್ತಲ್ಲ? ಬುದ್ಧಿಯೋರ ಅಪ್ಪಣೆ ಆಗಿದೆ. ಎಳಿ."

"ಅವ್ವಾ, ನನಗೆ ಇದೆಲ್ಲ ಅಭ್ಯಾಸ ಇಲ್ಲ..."

"ಅಪ್ಪಣೆ ಮೀರ್ತೀಯೇನೋ? ಎಳಿ ಅಂದ್ರೆ ಎಳಿ."

ಸಾಹೇಬರು ಸಿಗಾರನ್ನು ಹೊಸಬನ ಹಾಗೆ ಎರಡು ಕೈಯಲ್ಲಿ ಹಿಡಿದು ಬಾಯಿಗಿಟ್ಟರು. ನಾನು ಕರ್ಪೂರದ ತಟ್ಟೆ ಎತ್ತಿ ಹಿಡಿದೆ. ಎಳೆದರು. ತುದಿ ಕೆಂಪಗೆ ಅರಳಿತು. ಬೇಕೆಂದೇ ಎರಡು ಸಲ ಕೆಮ್ಮಿದರು, ಕಣ್ಣು ಕೆಂಪು ಮಾಡಿಕೊಂಡರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಅಷ್ಟು ವರ್ಷದ ರೂಢಿ, ತುಟಿ ಅವರ ಮಾತು ಕೇಳಲಿಲ್ಲ. ಒಳಗಿದ್ದ ಹೊಗೆ ಹೊರಗೆ ಬರುವಾಗ ಉಂಗುರವಾಗಿ ಬಂತು. ಬಳೆಯಷ್ಟು ಗುಂಡಗೆ. ಅದರ ಹಿಂದೆ ಇನ್ನೊಂದು ಬಂದು ಮೊದಲನೆಯದರ ಒಳಗೆ ನುಸುಳಿ ಹೋಯಿತು. ಎರಡೂ ತೇಲುತ್ತಾ ಸ್ವಾಮಿಗಳ ತಲೆಯ ಮೇಲಿನಿಂದ ತೊಲೆಯ ಕಡೆ ಹೋದವು. ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಸ್ವಾಮಿಗಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜ ಅಲುಗುತ್ತಿತ್ತು.

ಅವ್ವ ಆ ಉಂಗುರಗಳು ಕರಗುವವರೆಗೂ ನೋಡಿದರು. ಆಮೇಲೆ ಕೋಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಕೇಳಿದರು:

"ಮೊದಲನೇ ಸಲಕ್ಕೇ ಇಷ್ಟು ಗುಂಡಗೆ ಬಂತೇನೋ, ಮಗನೇ?"