ಶಿವಲಿಂಗವ್ವ ಇರುವ ಮನೆಯ ಬಾಡಿಗೆ

ಒಂದೂವರೆ ವರ್ಷದಲ್ಲಿ ಮೂರನೆಯ ಸಲ ಬಾಡಿಗೆ ಏರಿಸಲು ಮಾಲಕ ಹುಲ್ಲಪ್ಪ ಅಂಗಳಕ್ಕೆ ಬಂದಾಗ ಅಂದಪ್ಪ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇದ್ದುದರಿಂದ ವಾದ ಮಾಡುವಂತಿರಲಿಲ್ಲ. (ಹುಲ್ಲಪ್ಪ ಇಂಥ ಹೊತ್ತನ್ನೇ ನೋಡಿಕೊಂಡು ಬರುತ್ತಾನೆಂದು ಅಂದಪ್ಪನ ಗುಮಾನಿ.)

"ಏರಿಸಬಾರದು ಅಂತನ ಇದ್ದೆರಿ ಅಂದಪ್ಪಾರ," ಎಂದ ಹುಲ್ಲಪ್ಪ, ತನಗೇ ಬಾಡಿಗೆ ಏರಿದವನಂತೆ ಮುಖ ಮಾಡಿ. "ಆದ್ರ ಏನ್ಮಾಡೂದು, ಈಗ ಬಸ್ಸು ಮನಿ ಮುಂದನ ನಿಂದರ್ತೈತಿ. ಬಸ್ಸು ನಿಂತ ಓಣ್ಯಾಗ ಬಾಡಿಗಿ ನಿಂದರಂಗಿಲ್ಲ ನೋಡ್ರಿ."

ಅಂದಪ್ಪ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಹಳೇ ಬಾಗಲಕೋಟೆಯಲ್ಲಿ ಅವನಿದ್ದ ಬಾಡಿಗೆಮನೆ ಆಲಮಟ್ಟಿಯ ಹಿನ್ನೀರಿನ ಪಾಲಾದಾಗ ಹೆಂಡತಿ ಶಿವಲಿಂಗವ್ವನೊಂದಿಗೆ ನವನಗರಕ್ಕೆ ಬಂದಿದ್ದ. ಅರ್ಧ ಊರು ಒಮ್ಮೆಲೆ ಗಂಟುಮೂಟೆ ಕಟ್ಟಿ ಅಲ್ಲಿಗೇ ಬಂದಿತ್ತು. ಹೊಸ ಜಿಲ್ಲೆಯ ಕಚೇರಿಗಳು, ಅವುಗಳ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಕಾರಕೂನರು ಬಂದಿದ್ದರು. ಬಾಗಿಲು ಎಂಬುದೊಂದು ಇದ್ದರೆ ಸಾಕು, ಅದು ಮನೆ ಎನಿಸಿಕೊಂಡು ಬಾಡಿಗೆ ತರುತ್ತಿತ್ತು. ಹುಲ್ಲಪ್ಪನ ಮನೆಯೊಂದೇ ಅಗ್ಗಕ್ಕೆ ಸಿಕ್ಕಿತ್ತು. ಅಲ್ಲಿ ನಳ ಇರಲಿಲ್ಲ, ಬೀದಿದೀಪ ಇರಲಿಲ್ಲ, ಬಸ್ಸು ಅರ್ಧ ಮೈಲಿ ಆಚೆಯೇ ತಿರುಗಿಕೊಂಡು ಹೋಗುತ್ತಿತ್ತು.

ಶಿವಲಿಂಗವ್ವ ಮೂರು ತಿಂಗಳು ತಡೆದಳು. ನಾಲ್ಕನೆಯ ತಿಂಗಳು ಓಣಿಯ ಎಂಟು ಹೆಂಗಸರನ್ನು ಕರೆದುಕೊಂಡು, ಮೊರ ಮತ್ತು ಜೋಳದ ಚೀಲದೊಂದಿಗೆ, ನೀರಿನ ಸಾಹೇಬರ ಕಚೇರಿಯ ಪಡಸಾಲೆಗೆ ಹೋಗಿ ಕುಳಿತಳು. ಬೈಯಲಿಲ್ಲ, ಕೂಗಲಿಲ್ಲ. "ನಿಮ್ಮ ಕೆಲಸ ನೀವು ಮಾಡ್ರಿ ಸಾಹೇಬ್ರ, ನಮ್ಮ ಕೆಲಸ ನಾವು ಮಾಡ್ತೇವಿ. ನಳ ಬಂದ ಮ್ಯಾಲ ಏಳ್ತೇವಿ," ಎಂದು ಜೋಳ ಕೇರತೊಡಗಿದಳು. ಎರಡು ದಿನ ಹೊಟ್ಟು ಹಾರಿ ಹಾರಿ ಫೈಲುಗಳ ಮೇಲೆ ಕೂತಿತು. ಮೂರನೆಯ ದಿನ ಸಾಹೇಬರು ಸೀನುತ್ತಲೇ ಸಹಿ ಮಾಡಿದರು. ನಳ ಬಂತು. ಬಾಡಿಗೆ ಏರಿತು.

ಆಮೇಲೆ ಲೈನ್‌ಮನ್ನನ ಹೆಂಡತಿಯ ಬಾಣಂತನಕ್ಕೆ ಒಂದು ವಾರ ಕೈಯಾಸರೆಯಾದಳು. ಎಂಟನೆಯ ದಿನ ಓಣಿಯಲ್ಲಿ ಮೂರು ದೀಪ ಹತ್ತಿದವು. ಬಾಡಿಗೆಯೂ ಹತ್ತಿತು. ಇನ್ನು ಬಸ್ಸಿನದು: ಇಡೀ ಬೇಸಿಗೆ ತಿರುವಿನಲ್ಲಿ ನಿಂತು, ನಿಲ್ಲುವ ಜಾಗವನ್ನು ದಿನಕ್ಕಿಷ್ಟು ಮನೆಯತ್ತ ಸರಿಸುತ್ತ, ಡ್ರೈವರನಿಗೆ ಮಜ್ಜಿಗೆ ಕೊಟ್ಟಳು. ಮೊದಮೊದಲು ಮಜ್ಜಿಗೆಗಾಗಿ ಮುಂದೆ ಬಂದ ಬಸ್ಸು, ಮಳೆಗಾಲ ಬಂದರೂ ರೂಢಿ ಬಿಡಲಿಲ್ಲ. ಕಂಡಕ್ಟರು, "ಶಿವಲಿಂಗವ್ವನ ಸ್ಟಾಪು ಯಾರ್ರಿ, ಇಳೀರಿ," ಎಂದು ಕೂಗುವುದನ್ನು ಕೇಳಲೆಂದೇ ಅಂದಪ್ಪ ಒಂದೆರಡು ಸಲ ಸುಮ್ಮನೆ ಆ ಬಸ್ಸು ಹತ್ತಿದ್ದುಂಟು.

ಈಗ ಬಾಯಿ ಮುಕ್ಕಳಿಸುವಾಗ ಅವನಿಗೆ ಸತ್ಯದರ್ಶನವಾಯಿತು. ಬಾಡಿಗೆ ಏರಿಸುತ್ತಿರುವವನು ಹುಲ್ಲಪ್ಪನಲ್ಲ, ಒಳಗೆ ರೊಟ್ಟಿ ಬಡಿಯುತ್ತಿರುವ ತನ್ನ ಧರ್ಮಪತ್ನಿ.

"ನೀ ಸ್ವಲ್ಪ ಸುಮ್ಮಕಿದ್ರ ಈ ಮನ್ಯಾಗ ಇನ್ನೂ ಹತ್ತು ವರ್ಷ ಇರಬಹುದಿತ್ತು," ಎಂದ.

"ಕತ್ತಲ್ದಾಗ?"

"ಅಗ್ಗದಾಗ."

"ನೀರು ಹೊರಾವ್ರು ಯಾರಿದ್ರು?"

ಅಂದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳತೊಡಗಿದ. ಟ್ಯಾಂಕರ್ ಬರುವ ಹೊತ್ತಿಗೂ ತಾನು ಆಫೀಸಿಗೆ ಹೊರಡುವ ಹೊತ್ತಿಗೂ ಅವನು ಬಹಳ ಜಾಣತನದಿಂದ ಹೊಂದಾಣಿಕೆ ಮಾಡಿಕೊಂಡಿದ್ದ.

ಆದರೆ ಸಂಬಳದ ಅರ್ಧ ಬಾಡಿಗೆಗೇ ಹೋದರೆ ಬದುಕುವುದು ಕಷ್ಟ. ಬೇರೆ ಮನೆ ಹುಡುಕುತ್ತ ಹೋದವನಿಗೆ ಊರಿನ ಕಟ್ಟಕಡೆಯ ಸೆಕ್ಟರಿನಲ್ಲಿ, ಗೌಸಸಾಬನೆಂಬವನ ಹೊಸ ಮನೆ ಕಂಡಿತು. ಸುತ್ತಲೂ ಜಾಲಿಯ ಕಂಟಿ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಅಂದಪ್ಪನ ಒಳಗಿದ್ದ ವಕೀಲ ಎದ್ದು ನಿಂತ.

"ನಳ ಇಲ್ಲ."

"ಖರೆ ಐತ್ರಿ," ಎಂದ ಗೌಸಸಾಬ.

"ದೀಪ ಇಲ್ಲ. ಬಸ್ಸಂತೂ ಇತ್ತಾಗ ಹಾಯೂದಿಲ್ಲ. ಹಾವು ಬರ್ತಾವ ಅಂತ ಕಾಣ್ತೈತಿ."

"ಬರ್ತಾವ್ರಿ. ಭಾಳ ಸಣ್ಣವು."

ಅಂದಪ್ಪ ಎದೆ ಗಟ್ಟಿ ಮಾಡಿಕೊಂಡು ಹುಲ್ಲಪ್ಪನ ಬಾಡಿಗೆಯ ಅರ್ಧ ಹೇಳಿದ. ಗೌಸಸಾಬ ಒಪ್ಪಿದ. ಎರಡು ವರ್ಷ ಏರಿಸಬಾರದು ಎಂದ ಅಂದಪ್ಪ. ಅದಕ್ಕೂ ಅವನು ಒಪ್ಪಿದ. ಅಂದು ಅಂದಪ್ಪ ಜಾಲಿಕಂಟಿಗಳ ನಡುವೆ ಒಂದು ರಾಜ್ಯ ಗೆದ್ದವನಂತೆ ಸೈಕಲ್ ತುಳಿದ. ಮನೆಗೆ ಬಂದು, "ಮಾತಾಡಾಕ ಬರಬೇಕು ನೋಡು. ಮೊರ ತುಗೊಂಡು ಹೋಗೂದಲ್ಲ," ಎಂದ. ಶಿವಲಿಂಗವ್ವ ನಕ್ಕು ಒಂದು ಚಮಚ ತುಪ್ಪ ಜಾಸ್ತಿ ಹಾಕಿದಳು.

ರವಿವಾರ ಕರಾರುಪತ್ರಕ್ಕೆಂದು ಇಬ್ಬರೂ ಗೌಸಸಾಬನ ಆ ಹೊಸ ಮನೆಗೆ ಹೋದರು. ಅವನ ಹೆಂಡತಿ ಶಹರಬಾನು ಇದ್ದೊಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಶಿವಲಿಂಗವ್ವನನ್ನು ಕೂರಿಸಿದಳು. ಅಂದಪ್ಪನಿಗೆ ಸಿಮೆಂಟಿನ ಚೀಲ ತೋರಿಸಿದರು.

"ನಿಮ್ಮ ನಳದ ಸುದ್ದಿ, ಬಸ್ಸಿನ ಸುದ್ದಿ ಎಲ್ಲಾ ಕೇಳೇವಿ ಅಕ್ಕಾರ," ಎಂದಳು ಶಹರಬಾನು. "ನೀವು ಇಲ್ಲಿಗೆ ಬರ್ತೀರಿ ಅಂತ ಗೊತ್ತಾಗಿ ಬಾಜೂಕಿನ ಎರಡು ಮನಿಯವ್ರು ಆಗಲೇ ಬಾಡಿಗಿ ಏರಿಸ್ಯಾರ."

ಅಂದಪ್ಪ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ. "ಹಂಗಾರ ಆವತ್ತು ನಾ ಮಾಡಿದ ಚೌಕಾಶಿ?"

"ತಾವು ಭಾಳ ಛಲೋ ಮಾತಾಡಿದ್ರಿ ಸಾಹೇಬ್ರ," ಎಂದು ಗೌಸಸಾಬ ಸಮಾಧಾನ ಹೇಳಿದ. "ಅಕ್ಕಾರ ಸಲುವಾಗಿ ಅದಕ್ಕಿಂತ ಕಡಿಮಿಗೂ ಕೊಡಾಂವ ಇದ್ದೆ ನಾ."

"ಹಂಗಾದ್ರ ಕೊಡ್ರಿ," ಎಂದಳು ಶಿವಲಿಂಗವ್ವ, ಚಹಾದ ಬಸಿಯಿಂದ ತಲೆಯೆತ್ತದೆ.

ಬಾಡಿಗೆ ಇನ್ನೂ ನೂರು ರೂಪಾಯಿ ಇಳಿಯಿತು. ಆಕೆ ಚಹಾ ಮುಗಿಸಿ ಬಾಗಿಲಿಗೆ ಹೋಗಿ, ಕೊನೆಯ ವಿದ್ಯುತ್ ಕಂಬ ಎಷ್ಟು ದೂರದಲ್ಲಿದೆ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡತೊಡಗಿದಳು. ಈಗ ಗಂಡಾಂತರ ಬಂದಿರುವುದು ಕತ್ತಲಿಗೋ ಲೈನ್‌ಮನ್ನನಿಗೋ ಎಂದು ಯೋಚಿಸುತ್ತ ಅಂದಪ್ಪ, ಇಂಥವಳು ತನ್ನ ಹೆಂಡತಿ ಎಂಬ ಹೆಮ್ಮೆಯಿಂದ ಕಿಸೆಯ ಪೆನ್ನು ತೆಗೆದು, 'ಬಾಡಿಗೆದಾರರ ಸಹಿ' ಎಂದಿದ್ದ ಕಡೆ ಬಾಗಿದ.

ಗೌಸಸಾಬ ಕಾಗದವನ್ನು ಮೆಲ್ಲಗೆ ಮೇಲಕ್ಕೆ ಸರಿಸಿದ.

"ಅದು ಅಕ್ಕಾರದ್ರಿ. ತಮ್ಮದು ಇಲ್ಲಿ, ಕೆಳಗ. ಸಾಕ್ಷಿ ಅಂತ ಐತಲ್ಲ, ಅಲ್ಲೆ."

ಅಂದಪ್ಪ ತನ್ನ ಅತ್ಯುತ್ತಮ ಅಕ್ಷರದಲ್ಲಿ, ದುಂಡಗೆ, ಅಲ್ಲಿಯೇ ಸಹಿ ಮಾಡಿದ.